ಕ್ಲೀವ್‌ಲ್ಯಾಂಡ್ ಸೈನಿಕರ ಪಿಂಚಣಿ ಮಸೂದೆಗಳಿಗೆ ಯಾಕೆ ಸಹಿ ಹಾಕಲಿಲ್ಲ? ಬರಗಾಲದ ರೈತರಿಗೂ ದುಡ್ಡು ಕೊಡಲಿಲ್ಲವಂತೆ, ಅಷ್ಟು ಕಲ್ಲೆದೆಯವನೇ?

ಇವು ಎರಡು ಬೇರೆ ಬೇರೆ ಸಂಗತಿ. ಒಂದರಲ್ಲಿ ನಾನು ಆತನ ಪರ, ಇನ್ನೊಂದರಲ್ಲಿ ಅಲ್ಲ.

ಮೊದಲಿಗೆ, ಬೊಕ್ಕಸದಲ್ಲಿ ದುಡ್ಡಿರಲಿಲ್ಲ ಅಂದುಕೊಳ್ಳಬೇಡಿ. 1885ರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಅಮೆರಿಕದ ಅಧ್ಯಕ್ಷನಾದಾಗ ಆಮದು ಸುಂಕದಿಂದ ಖಜಾನೆ ತುಂಬಿ ತುಳುಕುತ್ತಿತ್ತು. ದುಡ್ಡು ಮಿಕ್ಕಿದೆ ಅಂದರೆ ಜನರಿಂದ ಜಾಸ್ತಿ ಕಿತ್ತುಕೊಂಡಿದ್ದೇವೆ ಅಂತ ಅರ್ಥ, ಸುಂಕ ಇಳಿಸಿ ಅನ್ನುವುದು ಆತನ ವಾದ. ಹಂಚಿ ಖಾಲಿ ಮಾಡೋಣ ಅನ್ನುವುದು ಸಂಸದರ ವಾದ.

ಅಂತರ್ಯುದ್ಧ ಮುಗಿದಿದ್ದು 1865ರಲ್ಲಿ. ಗಾಯಗೊಂಡ ಸೈನಿಕರಿಗೆ, ವಿಧವೆಯರಿಗೆ ಪಿಂಚಣಿ ಕೊಡಲು ಕಾನೂನಿತ್ತು, ಕಚೇರಿಯೂ ಇತ್ತು. ಅಲ್ಲಿ ಅರ್ಜಿ ತಿರಸ್ಕೃತವಾದವರು ಸೀದಾ ತಮ್ಮ ಸಂಸದನ ಹತ್ತಿರ ಹೋಗುತ್ತಿದ್ದರು. ಆತ ಆ ಒಬ್ಬ ವ್ಯಕ್ತಿಯ ಹೆಸರಿಗೇ ಒಂದು ಮಸೂದೆ ತರುತ್ತಿದ್ದ. ಓದಿ ನೋಡುವವರು ಯಾರು? 1886ರ ಮೇ ತಿಂಗಳಲ್ಲಿ ಒಂದೇ ದಿನ ಇಂಥ ಸುಮಾರು 240 ಮಸೂದೆ ಅಧ್ಯಕ್ಷನ ಟೇಬಲ್ಲಿಗೆ ಬಂದವು. ಹಿಂದಿನವರು ಸುಮ್ನೆ ಸಹಿ ಹಾಕುತ್ತಿದ್ದರು. ಈತ ಕೂತು ಒಂದೊಂದನ್ನೂ ಓದಿದ.

ನಾನೂ ಕೆಲಸದಲ್ಲಿದ್ದಾಗ ಪಿಂಚಣಿ ಫೈಲು ನೋಡಿದವನು. ದಾಖಲೆ ಸಾಲದು ಅಂತ ವಾಪಸ್ ಕಳಿಸಿದ ಅರ್ಜಿ ಎರಡೇ ದಿನದಲ್ಲಿ ‘ಸಾಹೇಬರು ಹೇಳಿದ್ದಾರೆ’ ಅನ್ನುವ ಚೀಟಿ ಅಂಟಿಸಿಕೊಂಡು ಬರುತ್ತಿತ್ತು. ಹಾಗಾಗಿ ಈತನ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಕೇಸು ನೋಡಿ. ಒಬ್ಬ ಬೇರೆಯವನ ಬದಲಿಗೆ 1865ರ ಮಾರ್ಚ್ 25ರಂದು ಸೇನೆ ಸೇರಿದ. ಏಪ್ರಿಲ್ 3ಕ್ಕೆ ದಡಾರ ಬಂದು ಆಸ್ಪತ್ರೆ ಸೇರಿದ. ಮೇ 8ಕ್ಕೆ ಹೊರಬಂದ, ಮೇ 11ಕ್ಕೆ ಸೇನೆಯಿಂದ ಬಿಡುಗಡೆ. ಹದಿನೈದು ವರ್ಷ ಕಳೆದ ಮೇಲೆ, ಆ ದಡಾರ ಕಣ್ಣಿಗೆ ಇಳಿದಿದೆ, ಬೆನ್ನುಮೂಳೆಗೂ ತಾಗಿದೆ, ಪಿಂಚಣಿ ಕೊಡಿ ಅಂದ. ದಡಾರದ ಜೊತೆ ಈತ ನಡೆಸಿದ ‘ಘೋರ ಹೋರಾಟ’ದ ಬಗ್ಗೆ ಕ್ಲೀವ್‌ಲ್ಯಾಂಡ್ ಅಧಿಕೃತ ಪತ್ರದಲ್ಲೇ ಕುಟುಕಿದ. ಇಷ್ಟು ಕೊಂಕು ಬೇಕಿರಲಿಲ್ಲ ಬಿಡಿ. ಆದರೆ ಈ ಮಸೂದೆಗಳಲ್ಲಿ ಆತ ತಡೆದಿದ್ದಕ್ಕಿಂತ ಒಪ್ಪಿದ್ದೇ ಎಷ್ಟೋ ಜಾಸ್ತಿ. ಅದನ್ನು ಯಾರೂ ಹೇಳುವುದಿಲ್ಲ.

ದೊಡ್ಡ ಗಲಾಟೆ ಆಗಿದ್ದು 1887ರಲ್ಲಿ. ಮೂರು ತಿಂಗಳು ಸೇನೆಯಲ್ಲಿದ್ದು, ಈಗ ದುಡಿಯಲಾಗದ ಎಲ್ಲರಿಗೂ ತಿಂಗಳಿಗೆ 12 ಡಾಲರ್ ಕೊಡುವ ಮಸೂದೆ ಬಂತು. ಆ ಅಶಕ್ತತೆ ಯುದ್ಧದಿಂದಲೇ ಬಂದಿರಬೇಕು ಅಂತೇನಿಲ್ಲ. ಫೆಬ್ರವರಿ 11ರಂದು ಆತ ಬೇಡ ಅಂದ. ಇದು ಸುಳ್ಳು ಹೇಳುವವರನ್ನು ಹುಟ್ಟಿಸುತ್ತದೆ, ನಿಜವಾಗಿ ರಕ್ತ ಸುರಿಸಿದವನ ಪಿಂಚಣಿಗೂ ಮರ್ಯಾದೆ ಉಳಿಯುವುದಿಲ್ಲ ಅಂದ. ಮಾಜಿ ಸೈನಿಕರ ಸಂಘ ‘ಗ್ರ್ಯಾಂಡ್ ಆರ್ಮಿ ಆಫ್ ದಿ ರಿಪಬ್ಲಿಕ್’ ಕೆಂಡವಾಯಿತು. ಅವರಿಗೆ ಆಡಿಕೊಳ್ಳಲು ಇನ್ನೊಂದು ವಿಷಯವೂ ಇತ್ತು. ಯುದ್ಧಕಾಲದಲ್ಲಿ ಕ್ಲೀವ್‌ಲ್ಯಾಂಡ್ ತಾನು ಹೋಗದೆ, 150 ಡಾಲರ್ ಕೊಟ್ಟು ಬದಲಿ ಆಳನ್ನು ಕಳಿಸಿದ್ದ. ಕಾನೂನಿನಲ್ಲಿ ಅದು ತಪ್ಪಲ್ಲ. ಆದರೆ ಕಾಲು ಕಳೆದುಕೊಂಡವನ ಎದುರು ಕಾನೂನು ಹೇಳಿದರೆ ಕೇಳುತ್ತಾನಾ?

ಇದಾದ ಐದೇ ದಿನಕ್ಕೆ ಟೆಕ್ಸಾಸ್ ಮಸೂದೆಯೂ ವಾಪಸ್. ಬರಗಾಲದ ರೈತರ ಬಿತ್ತನೆ ಬೀಜಕ್ಕೆ ಬೇಕಾಗಿದ್ದು ಬರೀ 10,000 ಡಾಲರ್. ಸಂವಿಧಾನದಲ್ಲಿ ಇದಕ್ಕೆ ಜಾಗವಿಲ್ಲ, ಸರ್ಕಾರವನ್ನು ಜನ ಸಾಕಬೇಕೇ ಹೊರತು ಜನರನ್ನು ಸರ್ಕಾರ ಸಾಕಬಾರದು ಅಂದ. ದಾನಿಗಳು ಕೊಡಲಿ, ಸಂಸದರಿಗೆ ತಮ್ಮ ಕ್ಷೇತ್ರದ ಜನರಿಗೆ ಹಂಚಲು ಸರ್ಕಾರದಿಂದ ಸಿಗುವ ಬೀಜವನ್ನೇ ಅಲ್ಲಿಗೆ ಕಳಿಸಲಿ ಅನ್ನುವುದು ಆತನ ಸಲಹೆ. ಇಲ್ಲಿ ನನಗೂ ಆತನಿಗೂ ಜಗಳ. ಸುಳ್ಳು ದಾಖಲೆ ತಡೆಯುವುದು ಬೇರೆ, ಮಳೆ ಬಾರದವನಿಗೆ ತತ್ವ ಹೇಳುವುದು ಬೇರೆ ಅಲ್ವಾ? ಕೊನೆಗೆ ಟೆಕ್ಸಾಸ್ ಶಾಸನಸಭೆಯೇ 1 ಲಕ್ಷ ಡಾಲರ್ ಕೊಟ್ಟಿತು. ತಲೆಗೆ ಮೂರು ಡಾಲರ್ ಚಿಲ್ಲರೆ ಬಂತು.

1888ರ ಚುನಾವಣೆಯಲ್ಲಿ ಆತ ಸೋತ. ಗೆದ್ದ ಬೆಂಜಮಿನ್ ಹ್ಯಾರಿಸನ್ ಅದೇ ಯುದ್ಧದಲ್ಲಿ ಕಾದಾಡಿದವನು. 1890ರಲ್ಲಿ ಹೆಚ್ಚೂಕಮ್ಮಿ ಅದೇ ಪಿಂಚಣಿ ಮಸೂದೆಗೆ ಸಹಿ ಹಾಕಿದ. 1893ರ ಹೊತ್ತಿಗೆ ಕೇಂದ್ರ ಸರ್ಕಾರದ ಖರ್ಚಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಪಿಂಚಣಿಗೇ ಹೋಗುತ್ತಿತ್ತು. ಅದೇ ವರ್ಷ ಬ್ಯಾಂಕುಗಳು ಮುಳುಗಿದವು, ಖಜಾನೆ ಬರಿದಾಗುತ್ತಾ ಬಂತು. ಆಗ ಅಧ್ಯಕ್ಷನ ಕುರ್ಚಿಯಲ್ಲಿ ಕೂತಿದ್ದವನು ಮತ್ತೆ ಗೆದ್ದು ಬಂದಿದ್ದ ಇದೇ ಕ್ಲೀವ್‌ಲ್ಯಾಂಡ್.