ರಕ್ತ ವಾಪಸ್ ಬಂದ್ರೂ ಹಾರ್ಟಿಗೆ ಪೆಟ್ಟು ಯಾಕ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಅರ್ಧಕ್ಕಿಂತ ಜಾಸ್ತಿ ಹಾರ್ಟಿನವೇ. ನಾಲ್ಕು ಆರಿಸೀನಿ, ಮೊದಲನೇದಕ್ಕ ಉತ್ತರ ಸ್ವಲ್ಪ ಉದ್ದ ಆಗೇತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ನಮ್ಮ ಅಪ್ಪಗ 58 ವರ್ಷ. ಹೋದ ತಿಂಗಳು ನಸುಕಿನ್ಯಾಗ ಎದಿ ನೋವು ಅಂದ್ರು, ತಾಲೂಕು ದವಾಖಾನಿಗೆ ಒಯ್ದಿವಿ. ಇಸಿಜಿ ತೆಗೆದು ಹೆಪ್ಪುಗಟ್ಟಿದ ರಕ್ತ ಕರಗೋ ಇಂಜೆಕ್ಷನ್ ಕೊಟ್ರು. ಸ್ವಲ್ಪ ಹೊತ್ತಿಗೆ ನೋವು ಇಳೀತು, ಆದ್ರ ಅದೇ ಟೈಮಿಗೆ ಮಾನಿಟರ್ ಮ್ಯಾಲ ಬಡಿತ ಅಡ್ಡಾದಿಡ್ಡಿ ಓಡಾಕ ಹತ್ತಿತು. ಡಾಕ್ಟ್ರು "ರಕ್ತ ವಾಪಸ್ ಬಂತಲ್ಲ, ಅದಕ್ಕ ಹಂಗ" ಅಂದ್ರು. ಈಗ ಎಕೋದಾಗ ಪಂಪಿಂಗ್ 38 ಅಂತ ಬಂದೈತಿ. ರಕ್ತ ಬಂದ ಮ್ಯಾಲ ಹಾರ್ಟ್ ಚಲೋ ಆಗಬೇಕಲ್ರಿ, ಕೆಡೋದು ಯಾಕ? ಇಂಜೆಕ್ಷನ್‌ದಾಗ ಏನರ ತಪ್ಪಾತೇನು?
— ಸಿಂಧನೂರಿನ ಓದುಗರು

ಉತ್ತರ: ತಪ್ಪಾಗಿಲ್ಲ ತಮ್ಮಾ. ನಿಮ್ಮ ಡಾಕ್ಟ್ರು ಹೇಳಿದ್ದು ಖರೆ ಐತಿ, ಬಿಡಿಸಿ ಹೇಳಾಕ ಅವರಿಗೆ ಪುರಸೊತ್ತು ಇರಲಿಕ್ಕಿಲ್ಲ ಅಷ್ಟ.

ನೀವು ಸಿಂಧನೂರಿನವರು, ತುಂಗಭದ್ರಾ ಎಡದಂಡಿ ಕಾಲುವಿ ಬಗ್ಗೆ ನಿಮಗ ನಾನೇನು ಹೇಳೋದು, ಆದ್ರೂ ಒಂದು ಸಲ ನೆನಪು ಮಾಡ್ಕೋರಿ. ಬ್ಯಾಸಿಗ್ಯಾಗ ನೀರು ನಿಂತಾಗ ಎರಿ ಮಣ್ಣು ಬಿರಿತೈತಿ, ಹೊಲ ಅಷ್ಟ ಅಲ್ಲ, ಕಾಲುವಿ ಏರಿನೂ ಬಿರಿತೈತಿ. ಆಮ್ಯಾಲ ಡ್ಯಾಮಿನಿಂದ ನೀರು ಬಿಟ್ಟ ದಿನ ಒಮ್ಮಿಗೇ ಪೂರಾ ಬಿಟ್ರ ಏನಾಗ್ತೈತಿ? ಎಲ್ಲೋ ಒಂದು ಕಡಿ ಏರಿ ಒಡೆದು ಬೋಂಗಾ ಬೀಳ್ತೈತಿ, ಬೆಳಿಗೆ ಹೋಗಬೇಕಾದ ನೀರು ಹಳ್ಳಕ್ಕ ಹೋಗ್ತೈತಿ. ನೀರಿಲ್ಲದಕ್ಕ ಆದ ಹಾಳು ಒಂದು, ನೀರು ಬಂದ ರಭಸಕ್ಕ ಆದ ಹಾಳು ಇನ್ನೊಂದು. ಹಾರ್ಟಿನ್ಯಾಗೂ ಹಿಂಗ ಎರಡು ಪೆಟ್ಟು.

ಮೊದಲನೇ ಪೆಟ್ಟು, ರಕ್ತ ನಿಂತಿದ್ದು. ರಕ್ತನಾಳದ ಒಳಗ ಕಟ್ಟಿದ ಕೊಬ್ಬಿನ ಪದರ ಒಡೀತೈತಿ, ಅದರ ಮ್ಯಾಲ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚತೈತಿ. ಅಲ್ಲಿಂದ ಸುಮಾರು 20-30 ನಿಮಿಷಕ್ಕ ಹಾರ್ಟಿನ ಸ್ನಾಯು ಸಾಯಾಕ ಶುರು, ಮೊದಲು ಒಳಗಿನ ಪದರ, ಆಮ್ಯಾಲ ತಾಸು ತಾಸಿಗೆ ಹೊರಗಿನ ಕಡಿ ಸರಿತೈತಿ. ಆಕ್ಸಿಜನ್ ಇಲ್ಲದ ಸ್ನಾಯು ಹ್ಯಾಂಗೋ ಉಸಿರು ಹಿಡ್ಕೊಂಡಿರ್ತೈತಿ, ಒಳಗ ಆ್ಯಸಿಡ್ ತುಂಬ್ಕೊಂಡು, ಸೋಡಿಯಂ ಕ್ಯಾಲ್ಸಿಯಂ ಸೇರ್ಕೊಂಡು.

ಎರಡನೇದು, ನೀವು ಮಾನಿಟರ್ ಮ್ಯಾಲ ನೋಡಿದ್ದು. ರಕ್ತ ಬಂದ ಕೂಡಲೇ ಆ್ಯಸಿಡ್ ತೊಳಕೊಂಡು ಹೋಗ್ತೈತಿ, ಅದು ಚಲೋನೇ ಅನಿಸ್ತೈತಿ, ಆದ್ರ ಆ ಆ್ಯಸಿಡ್ಡೇ ಕೆಲವೊಂದು ಬಾಗಲಾ ಮುಚ್ಚಿ ಹಿಡಿದಿತ್ತು ನೋಡ್ರಿ. ಅದು ಹೋದಮ್ಯಾಲ ಕ್ಯಾಲ್ಸಿಯಂ ಇನ್ನೂ ಒಳಗ ನುಗ್ಗಿ ಸ್ನಾಯು ಬಿಗಿದು ಬಿಡ್ತೈತಿ, ಸಡಿಲ ಆಗಾಕ ಬರಂಗಿಲ್ಲ. ಹೊಸದಾಗಿ ಬಂದ ಆಕ್ಸಿಜನ್ನಿನಿಂದಲೇ ಸುಡೋ ಕಣ ಹುಟ್ತಾವ. ಜೀವಕೋಶದ ಕರೆಂಟ್ ಮನಿ ಅಂತ ಸಾಲ್ಯಾಗ ಓದಿದ್ದಿರಲ್ಲ ಮೈಟೋಕಾಂಡ್ರಿಯಾ, ಅದರ ಗೋಡಿಗೆ ತೂತು ಬಿದ್ರ ಆ ಕೋಶ ಮುಗೀತು. ಇದರ ಜೊತಿಗೆ ಒಮ್ಮೊಮ್ಮೆ ದೊಡ್ಡ ನಾಳ ಪೂರಾ ತೆರೆದಿದ್ರೂ ಸಣ್ಣ ಸಣ್ಣ ನಾಳ ಕಸ ತುಂಬಿ, ಬಾತು ಮುಚ್ಚಿರ್ತಾವ. ಮೇನ್ ಕಾಲುವಿ ತುಂಬಿ ಹರೀತಿರ್ತೈತಿ, ಕೊನೇ ಭಾಗದ ಮಾನ್ವಿ ಹೊಲಕ್ಕ ಹನಿ ನೀರಿಲ್ಲ, ಹಂಗ.

ಇದನ್ನ ಓದಿ "ಹಂಗಾದ್ರ ತೆರೀದೇ ಬಿಟ್ರ ಚಲೋ ಇತ್ತೇನೋ" ಅಂತ ಯಾರೂ ತಿಳ್ಕೋಬ್ಯಾಡ್ರಿ. ತೆರೀಲಿಲ್ಲ ಅಂದ್ರ ಆ ಭಾಗದ ಸ್ನಾಯು ಹೆಚ್ಚುಕಡಿಮಿ ಪೂರಾ ಹೋಗ್ತೈತಿ. ಬೋಂಗಾ ಬೀಳ್ತೈತಿ ಅಂತ ಯಾರರ ನೀರು ಬ್ಯಾಡ ಅಂತಾರೇನು? 1988ರಾಗ ಬಂದ ಐಸಿಸ್-2 ಅನ್ನೋ ಪರೀಕ್ಷಾ 17 ಸಾವಿರಕ್ಕಿಂತ ಜಾಸ್ತಿ ಪೇಶಂಟ್ ಮ್ಯಾಲ ನಡೆದಿತ್ತು, ರಕ್ತ ಕರಗೋ ಔಷಧ ಮತ್ತ ಆಸ್ಪಿರಿನ್ ಎರಡೂ ಕೊಟ್ಟವರೊಳಗ ಸಾವು ಭಾಳ ಕಡಿಮಿ ಆಗಿದ್ದು ಅದರಾಗ ಗೊತ್ತಾತು.

ಬಡಿತ ಅಡ್ಡಾದಿಡ್ಡಿ ಆಗಿದ್ದು ಬಹಳ ಸಲ ನಾಳ ತೆರೀತು ಅನ್ನೋದಕ್ಕ ಗುರುತು, ತಾನೇ ನಿಲ್ತೈತಿ. ಕೆಲವರಿಗೆ ಮಾತ್ರ ಕೆಟ್ಟ ಬಡಿತಕ್ಕ ತಿರುಗ್ತೈತಿ, ಆವಾಗ ಶಾಕ್ ಕೊಡಬೇಕಾಗ್ತೈತಿ, ಅದಕ್ಕ ನೋವು ಹೋತು ಅಂತ ಐಸಿಯುದಿಂದ ಎಬ್ಬಿಸಿಕೊಂಡು ಬರಬಾರದು.

ಈಗ ಪಂಪಿಂಗ್ 38. ನೀವು 100ಕ್ಕ 38 ಅಂತ, ಫೇಲ್ ಅಂತ ಲೆಕ್ಕ ಹಾಕಿರ್ತೀರಿ, ಎಲ್ಲಾರೂ ಹಂಗ ಹಾಕ್ತಾರ. ಗಟ್ಟಿಮುಟ್ಟು ಇದ್ದವರ ಹಾರ್ಟ್ ಸೈತ ಪ್ರತಿ ಬಡಿತಕ್ಕ ತುಂಬಿದ ರಕ್ತ ಪೂರಾ ಹೊರಗ ಹಾಕಂಗಿಲ್ಲ, ಅವರದ್ದೂ 55ರಿಂದ 70ರ ಒಳಗ ಇರ್ತೈತಿ. ಮತ್ತ ಪೆಟ್ಟು ಬಿದ್ದ ಸ್ನಾಯು ಸತ್ತಿಲ್ಲದಿದ್ರೂ ಕೆಲವು ದಿನ, ಕೆಲವು ವಾರ ಮಂಕು ಬಡಿದಂಗ ಸುಮ್ಮನೆ ಕುಂತಿರ್ತೈತಿ. ಅದಕ್ಕ ಗುಳಿಗಿ ಒಂದೂ ಬಿಡದಂಗ ತಗೊಂಡು ಸುಮಾರು ಆರು ವಾರಕ್ಕ ಇನ್ನೊಂದು ಎಕೋ ಮಾಡಸ್ರಿ, ಖರೇ ನಂಬರ್ ಅದು. ಇಂಜೆಕ್ಷನ್ ಕೊಟ್ಟ ಮ್ಯಾಲ ಸಾಮಾನ್ಯವಾಗಿ 3ರಿಂದ 24 ತಾಸಿನೊಳಗ ಆಂಜಿಯೋಗ್ರಾಮ್ ಮಾಡ್ತಾರ, ನೀವು ಅದರ ಬಗ್ಗೆ ಬರದಿಲ್ಲ. ಆಗಿಲ್ಲಂದ್ರ ಈ ವಾರನೇ ಹೋಗಿ ಕೇಳ್ರಿ.

ಪ್ರಶ್ನೆ: ಬಿಪಿ ನೋಡೋ ಪಟ್ಟಿ ರಟ್ಟೆಗೆ ಕಟ್ಕೊಂಡು 5 ನಿಮಿಷ ಬಿಗಿ ಮಾಡಿ 5 ನಿಮಿಷ ಬಿಡೋದು, ಹಿಂಗೆ ನಾಲ್ಕು ಸಲ ಮಾಡಿದ್ರೆ ಹಾರ್ಟ್ ಅಟ್ಯಾಕ್ ಆದ್ರೂ ಏನೂ ಆಗಲ್ಲ ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಂದೈತೆ. ನಿಜಾನಾ?
— ಬಳ್ಳಾರಿಯ ಓದುಗರು

ಉತ್ತರ: ಪೂರಾ ಗಾಳಿ ಮಾತಲ್ಲ ಇದು, ಅದಕ್ಕ ಜನ ನಂಬ್ತಾರ. 1986ರಾಗ ಅಮೆರಿಕಾದ ಮರ್ರಿ, ಜೆನ್ನಿಂಗ್ಸ್, ರೈಮರ್ ಅನ್ನೋರು ನಾಯಿಗಳ ಹಾರ್ಟಿನ ನಾಳಾನ 5 ನಿಮಿಷ ಮುಚ್ಚಿ 5 ನಿಮಿಷ ಬಿಟ್ಟು, ನಾಲ್ಕು ಸಲ ಹಂಗ ಮಾಡಿ, ಆಮ್ಯಾಲ 40 ನಿಮಿಷ ಪೂರಾ ಮುಚ್ಚಿದ್ರು. ಹಂಗ ರೂಢಿ ಮಾಡಿಸಿದ ಹಾರ್ಟಿನ್ಯಾಗ ಸತ್ತ ಸ್ನಾಯು, ರೂಢಿ ಮಾಡಿಸದ ಹಾರ್ಟಿಗೆ ಹೋಲಿಸಿದ್ರ ಕಾಲು ಭಾಗದಷ್ಟು ಅಷ್ಟ! ಹಾರ್ಟ್ ತಾನೇ ಗಟ್ಟಿ ಆಗೋದು ಕಲೀತೈತಿ ಅಂತಾತು. ಮುಂದ ಹಾರ್ಟಿನ ತಂಟೆಗೇ ಹೋಗದ ಕಾಲಿಗೆ ಪಟ್ಟಿ ಕಟ್ಟಿ ಬಿಗಿದ್ರೂ ಪ್ರಾಣಿಗಳೊಳಗ ಅದೇ ಗುಣ ಕಂಡಿತು, ಭಾಳ ಆಸೆ ಹುಟ್ತು.

ಮನುಷ್ಯಾರ ಮ್ಯಾಲ ಮಾಡಿದಾಗ ಮಾತ್ರ ಸೋತು ಹೋತು. 2015ರಾಗ ಹಾರ್ಟ್ ಆಪರೇಶನ್ ಪೇಶಂಟ್‌ಗಳ ಮ್ಯಾಲ ಎರಡು ದೊಡ್ಡ ಪರೀಕ್ಷಾ, 2019ರಾಗ ಹಾರ್ಟ್ ಅಟ್ಯಾಕ್ ಆದ 5 ಸಾವಿರಕ್ಕಿಂತ ಜಾಸ್ತಿ ಮಂದಿ ಮ್ಯಾಲ ಇನ್ನೊಂದು, ಎಲ್ಲಾದರಾಗೂ ಪಟ್ಟಿ ಕಟ್ಟಿದವರು, ಕಟ್ಟದವರು ಒಂದೇ. ಮೈಟೋಕಾಂಡ್ರಿಯಾದ ತೂತು ಮುಚ್ಚತೈತಿ ಅಂತ ಸೈಕ್ಲೋಸ್ಪೋರಿನ್ ಔಷಧನೂ ಕೊಟ್ಟು ನೋಡಿದ್ರು, ಅದೂ 2015ರಾಗ ಕೈ ಕೊಟ್ಟಿತು. ಲ್ಯಾಬಿನ ಪ್ರಾಣಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಬೀಡಿ ಸೇದಂಗಿಲ್ಲ, ವಯಸ್ಸೂ ಸಣ್ಣದು. ನಮ್ಮ ಪೈಕಿ ಅಂಥಾವ್ರು ಯಾರದಾರ ಹೇಳ್ರಿ.

ನನಗ ಅಂಜಿಕಿ ಆಗೋದು ಬ್ಯಾರೇ. ನಾಲ್ಕು ಸಲ 5 ಮತ್ತ 5 ಅಂದ್ರ 40 ನಿಮಿಷ ಆತಲ್ಲ, ಎದಿ ನೋವು ಬಂದಾಗ ಯಾರರ ಇದನ್ನ ಮಾಡ್ಕೋತ ಕುಂತ್ರ ಸ್ನಾಯು ಸಾಯೋ ಮೊದಲ 40 ನಿಮಿಷ ಪಟ್ಟಿಗೇ ಹೋತು. ಆ ಮೆಸೇಜ್ ಮುಂದ ಕಳಿಸಬ್ಯಾಡ್ರಿ.

ಪ್ರಶ್ನೆ: ಬೈಪಾಸ್ ಮಾಡುವಾಗ ಹಾರ್ಟ್ ನಿಲ್ಲಿಸ್ತಾರೆ ಅಂತಾರೆ. ತಾಸುಗಟ್ಟಲೆ ನಿಂತ್ರೂ ಅದು ಸಾಯಲ್ವಾ?
— ಸಿರುಗುಪ್ಪದ ಓದುಗರು

ಉತ್ತರ: ಚಲೋ ಪ್ರಶ್ನೆ. ನೀವು ಭತ್ತಕ್ಕ ಪೊಟ್ಯಾಷ್ ಹಾಕ್ತೀರಲ್ಲ, ಅದೇ ಪೊಟ್ಯಾಸಿಯಂ ಇರೋ ತಣ್ಣನೆ ದ್ರವ ಹಾರ್ಟಿನ ನಾಳಕ್ಕ ಬಿಡ್ತಾರ, ಹಾರ್ಟ್ ಸಡಿಲಾಗಿ ನಿಂತು ಬಿಡ್ತೈತಿ. ಬಡಿಯಂಗಿಲ್ಲ ಅಂದ್ರ ಶಕ್ತಿ ಖರ್ಚಿಲ್ಲ, ತಣ್ಣಗೈತಿ ಅಂದ್ರ ಇನ್ನೂ ಕಡಿಮಿ ಖರ್ಚು, ಅಷ್ಟೊತ್ತು ಮೈಗೆ ರಕ್ತ ಓಡಿಸೋದು ಮಷೀನು. ನಡುನಡುವೆ ಆ ದ್ರವ ಮತ್ತ ಬಿಡ್ತಾರ. ಅಟ್ಯಾಕಿನ್ಯಾಗ ಹಾರ್ಟ್ ಬಡೀತಾನೇ ಇರ್ತೈತಿ, ರಕ್ತ ಇರಂಗಿಲ್ಲ, ಫರಕು ಅದು. ಇನ್ನ ನಮ್ಮ ದೇಶದಾಗ ಹಾರ್ಟ್ ನಿಲ್ಲಿಸದ ಬಡಿಯುವಾಗಲೇ ಬೈಪಾಸ್ ಮಾಡೋರೂ ಭಾಳ ಮಂದಿ ಅದಾರ.

ಪ್ರಶ್ನೆ: ನಮ್ಮ ಅವ್ವಗ 15 ವರ್ಷದಿಂದ ಶುಗರ್ ಐತಿ. ಒಗ್ಗರಣಿ ಮಿರ್ಚಿ ತಿಂದ ದಿನ ಹೊಟ್ಟಿ ಮ್ಯಾಲ ಬಿಗಿ ಹಿಡಿದಂಗ ಆಗಿ ಬೆವರು ಬರ್ತೈತಿ, ಸೋಡಾ ಕುಡಿದು ತೇಗಿದ್ರ ಕಡಿಮಿ ಆಗ್ತೈತಿ. ಗ್ಯಾಸ್ ಅಂತಾರ. ಹೌದೇನ್ರಿ?
— ಕೊಪ್ಪಳದ ಓದುಗರು

ಉತ್ತರ: ಗ್ಯಾಸೂ ಇರಬಹುದು ತಂಗಿ, ಆದ್ರ ತೇಗು ಬಂತು ಅಂದ್ರ ಹಾರ್ಟ್ ಅಲ್ಲ ಅಂತ ಹೇಳಾಕ ಬರಂಗಿಲ್ಲ. ನನ್ನ ಸ್ವಂತ ಮಾವನೇ ಗಂಗಾವತಿಯೊಳಗ ಹಿಂಗ ಒಂದು ರಾತ್ರಿ ಗೋಲಿ ಸೋಡಾ ಕುಡಿದು, ಓಣಿ ಡಾಕ್ಟರ್ ಕಡಿ ಗ್ಯಾಸಿನ ಇಂಜೆಕ್ಷನ್ ಮಾಡಿಸ್ಕೊಂಡು, ಮೂರು ತಾಸು ಮಂಚದ ಮ್ಯಾಲ ಹೊರಳಾಡಿದ್ರು. ಅವರಿಗೂ ಶುಗರ್ ಇತ್ತು. ಇಸಿಜಿ ತೆಗೆಯೋ ಹೊತ್ತಿಗೆ ಹಾರ್ಟಿನ ಮುಂಭಾಗ ಹೋಗಿತ್ತು, ಜೀವ ಉಳೀತು, ಮೆಟ್ಟಿಲು ಹತ್ತೋದು ಉಳೀಲಿಲ್ಲ.

ಶುಗರ್ ಹಳೇದಾದಷ್ಟು ನರ ಮಂಕಾಗ್ತಾವ, ಅದಕ್ಕ ಹಾರ್ಟ್ ಅಟ್ಯಾಕಿನ್ಯಾಗೂ ಎದಿ ನೋವು ಬರದ ಬರೇ ಬೆವರು, ದಮ್ಮು, ದವಡಿ ಸೆಳೆತ, ವಾಂತಿ, ಸುಸ್ತು ಬರಬಹುದು. ಹೆಣ್ಮಕ್ಕಳೊಳಗೂ ಹಿಂಗ ಜಾಸ್ತಿ. ಅವ್ವಗ ನಡೆದಾಗ, ನೀರಿನ ಕೊಡ ಎತ್ತಿದಾಗ ಬಿಗಿ ಬರ್ತೈತೇನು ನೋಡ್ರಿ, ಬಂದ್ರ ಇದೇ ವಾರ ಫಿಜಿಶಿಯನ್‌ಗೆ ತೋರಸ್ರಿ, ಬರದಿದ್ರೂ ತೋರಸ್ರಿ. ಮತ್ತ ಹಂಗ ಬಿಗಿ ಹಿಡಿದು ಬೆವರು ಬಂದ್ರ ಸೋಡಾ ಬ್ಯಾಡ, ಸೀದಾ 108. ಬೈಕ್ ಹಿಂದ ಕುಂದ್ರಿಸಿಕೊಂಡು ಹೋಗಬ್ಯಾಡ್ರಿ. ಆಸ್ಪಿರಿನ್ ಅಲರ್ಜಿ, ಹೊಟ್ಟಿಯೊಳಗ ರಕ್ತ ಸೋರೋ ಹುಣ್ಣು ಇಲ್ಲಂದ್ರ 108ನವರನ್ನ ಕೇಳಿ 300 ಮಿ.ಗ್ರಾಂ ಜಗಿದು ನುಂಗೋದು, ಬರೇ ನೀರಾಗ ನುಂಗಿದ್ರ ಹತ್ತಾಕ ತಡ ಆಗ್ತೈತಿ. ಮೊದಲ ಇಸಿಜಿ ನಾರ್ಮಲ್ ಬಂದ್ರೂ ಎದ್ದು ಬರಬ್ಯಾಡ್ರಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಸ್ತಾರ, ಹಾರ್ಟಿನ ಸ್ನಾಯುಗೆ ಪೆಟ್ಟು ಬಿದ್ದೈತೇನು ಅಂತ ತೋರಿಸೋ ಟ್ರೊಪೊನಿನ್ ರಕ್ತ ಪರೀಕ್ಷಾನೂ ಮಾಡ್ತಾರ.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಐತಲ್ಲ, ಅದರಾಗಿರೋ ತಾಲೂಕು ದವಾಖಾನಿಯೊಳಗ ಇಸಿಜಿ ತೆಗೆದ ಕೂಡಲೇ ದೂರದಿಂದ ತಜ್ಞರು ನೋಡಿ ಹೇಳ್ತಾರ, ರಕ್ತ ಕರಗೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ನಿಮ್ಮ ಊರಿಗೆ ಹತ್ತಿರ ಅದು ಎಲ್ಲಿ ಸಿಗ್ತೈತಿ ಅಂತ ಈ ಸಲ ಶುಗರ್ ಚೆಕ್ ಮಾಡಸಾಕ ಹೋದಾಗಲೇ ಕೇಳ್ಕೊಂಡು ಬರ್ರಿ. ಹಂಗ ಅವ್ವನ ಇಸಿಜಿ ಒಂದು ತೆಗೆಸಿ ಫೋನಿನ್ಯಾಗ ಫೋಟೋ ಇಟ್ಕೋರಿ. ಹಳೇದು ಕಣ್ಣ ಮುಂದ ಇದ್ರ ಹೊಸದರಾಗ ಏನು ಬದಲಾಗೇತಿ ಅಂತ ಡ್ಯೂಟಿ ಡಾಕ್ಟರಿಗೆ ಲಗೂನ ಗೊತ್ತಾಗ್ತೈತಿ.