ಜಾ ಪ್ಲೇಟ್ ಕೆಳಗೇ ಏಕೆ ಸವೆಯುತ್ತದೆ?

ಪ್ರಶ್ನೆ: ನಮ್ಮದು ಸಿಂಗಲ್ ಟಾಗಲ್ ಜಾ ಕ್ರಷರ್ (ಎರಡು ದವಡೆ ಪ್ಲೇಟುಗಳ ನಡುವೆ ಕಲ್ಲು ಒಡೆಯುವ ಯಂತ್ರ), ಒಡೆಯುವುದು ಗ್ರಾನೈಟ್. ಫಿಕ್ಸ್ಡ್ (ಅಲುಗದ) ಪ್ಲೇಟಿನ ಕೆಳಭಾಗದ ಹಲ್ಲು ಬೋಳಾಗಿದೆ, ಮೇಲಿನರ್ಧ ಹೊಸದರ ಹಾಗೇ ಇದೆ. ಲೋಹವೇ ಕಳಪೆಯೇ? (ಓದುಗರು, ಚಿಕ್ಕಬಳ್ಳಾಪುರ)

ಉತ್ತರ: ಲೋಹವನ್ನು ದೂರುವ ಮೊದಲು ಕಲ್ಲು ಹೇಗೆ ಬೀಳುತ್ತಿದೆ ಎಂದು ಪ್ಲಾಟ್‌ಫಾರ್ಮಿನ ಮೇಲೆ ಹತ್ತು ನಿಮಿಷ ನಿಂತು ನೋಡಿ. ಬಿಟ್ಟುಬಿಟ್ಟು ಬೀಳುವ ಕಲ್ಲು ಮೇಲೆಲ್ಲೂ ನಿಲ್ಲದೆ ಕೆಳಕ್ಕೆ ಜಾರಿ ಅಲ್ಲೇ ಒಡೆಯುತ್ತದೆ, ಹಾಗಾಗಿ ಕೆಳಗಿನ ಹಲ್ಲೊಂದೇ ದುಡಿಯಬೇಕಾಗುತ್ತದೆ. ಬಾಯಿ ಸದಾ ಮುಕ್ಕಾಲು ತುಂಬಿರಲಿ. ಬೋಲ್ಡರ್ ಬಾಯಿಯಲ್ಲಿ ಎರಡು ಪ್ಲೇಟುಗಳ ನಡುವಿನ ಅಂತರದ ಶೇ 80ಕ್ಕಿಂತ ದೊಡ್ಡದಿರಬಾರದು.

ಎರಡನೆಯದು ಮಣ್ಣು ಮತ್ತು ಚೂರು. ಈ ಪ್ಲೇಟುಗಳು ಸಾಮಾನ್ಯವಾಗಿ ಶೇ 12–14 ಮ್ಯಾಂಗನೀಸ್ ಇರುವ ಉಕ್ಕು. ಹೊಸದರಲ್ಲಿ ಗಡಸುತನ 200 ಬ್ರಿನೆಲ್ ಆಸುಪಾಸು, ಕಲ್ಲಿನ ಪೆಟ್ಟು ತಿಂದು ತಿಂದು ಮೇಲ್ಮೈ 450–500ರವರೆಗೂ ಏರುತ್ತದೆ. ಆದರೆ ಪೆಟ್ಟೇ ಬೇಕು. ಮಣ್ಣು, ಡಸ್ಟ್ ಉಜ್ಜಿದರೆ ಗಟ್ಟಿಯಾಗುವುದಿಲ್ಲ, ಬರೀ ತೇಯುತ್ತದೆ. ಆದ್ದರಿಂದ ಕೆಳಗಿನ ಕಿಂಡಿಗಿಂತ ಸಣ್ಣದೆಲ್ಲ ಕ್ರಷರಿಗೆ ಮೊದಲೇ ಇರುವ ಸರಳುಗಳ ಜರಡಿಯಲ್ಲೇ (ಗ್ರಿಜ್ಲಿ) ಸೋಸಿ ಪಕ್ಕಕ್ಕೆ ಹೋಗಲಿ.

ಇದೆಲ್ಲ ಸರಿಯಿದ್ದರೂ ಫಿಕ್ಸ್ಡ್ ಪ್ಲೇಟಿನ ಕೆಳತುದಿ ಬೇಗ ಸವೆಯುವುದು ಈ ಯಂತ್ರದ ಸ್ವಭಾವ. ಅದಕ್ಕೇ ಪ್ಲೇಟನ್ನು ತಿರುಗಿಸಿ ಹಾಕುವುದು. ಹಲ್ಲು ಪೂರ್ತಿ ಬೋಳಾಗುವವರೆಗೆ ಕಾದದ್ದು ನಿಮ್ಮಲ್ಲಾದ ತಪ್ಪು. ಮೂರನೇ ಒಂದು ಭಾಗ ಸವೆದಾಗಲೇ ಮೇಲು-ಕೆಳಗು ಮಾಡಿದ್ದರೆ ಮೇಲಿನರ್ಧವೂ ದುಡಿಯುತ್ತಿತ್ತು.

ತಿರುಗಿಸುವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಫ್ಲೈವೀಲಿಗೆ ದಿಮ್ಮಿ ಕೊಡಿ. ಕರೆಂಟ್ ಇಲ್ಲದಿದ್ದರೂ ಅದು ತನ್ನ ಭಾರಕ್ಕೇ ಉರುಳಿಬಿಡುತ್ತದೆ. ಪ್ಲೇಟಿನ ಬೆನ್ನನ್ನೂ ಅದು ಕೂರುವ ಜಾಗವನ್ನೂ ವೈರ್ ಬ್ರಷ್ಷಿನಿಂದ ಉಜ್ಜಿ, ಸ್ಟ್ರೈಟ್ ಎಡ್ಜ್ ಇಟ್ಟು ನೋಡಿ. ಹಿಂದೆ ಒಂದು ಹಿಡಿ ಡಸ್ಟ್ ಉಳಿದರೂ ಪ್ಲೇಟ್ ಪ್ರತಿ ಪೆಟ್ಟಿಗೂ ಬಾಗಿ, ಕೊನೆಗೆ ಬಿರುಕು ಬಿಡುತ್ತದೆ. ಪೆಟ್ಟು ತಿಂದು ಹಿಗ್ಗಿ ಹೊರಚಾಚಿದ ಅಂಚನ್ನು ಗ್ರೈಂಡರಿನಿಂದ ತೆಗೆಯಿರಿ. ಗ್ಯಾಸ್ ಕಟ್ಟರ್ ಬೇಡವೇ ಬೇಡ: 300 ಡಿಗ್ರಿ ದಾಟಿ ಕಾದರೆ ಈ ಉಕ್ಕು ಪೆಡಸಾಗುತ್ತದೆ. ಎತ್ತಲು ಕೊಂಡಿ ವೆಲ್ಡ್ ಮಾಡುವುದೂ ಅದೇ ಕಾರಣಕ್ಕೆ ಅಪಾಯ. ಪ್ಲೇಟನ್ನು ಹಿಡಿದಿಡುವ ವೆಡ್ಜ್ ಬೋಲ್ಟುಗಳನ್ನು ಕಲ್ಲು ಹಾಕಿ ಎರಡು-ಮೂರು ಗಂಟೆ ಓಡಿಸಿದ ಮೇಲೆ, ಮತ್ತೆ ಶಿಫ್ಟ್ ಮುಗಿದಾಗ, ಬಿಗಿಗೊಳಿಸಿ.

ಪ್ರಶ್ನೆ: ಟಾಗಲ್ ಪ್ಲೇಟ್ ಪದೇ ಪದೇ ಮುರಿಯುತ್ತಿದೆ. ದಪ್ಪ ಎಂ.ಎಸ್. (ಸಾದಾ ಉಕ್ಕಿನ) ಪ್ಲೇಟ್ ಕತ್ತರಿಸಿ ಹಾಕಬಹುದೇ? (ಓದುಗರು, ತುಮಕೂರು)

ಉತ್ತರ: ದಯವಿಟ್ಟು ಬೇಡ. ಅಲುಗುವ ದವಡೆಯನ್ನು ಹಿಂದಿನಿಂದ ಆನಿಸಿ ಹಿಡಿಯುವ ಟಾಗಲ್ ಇರುವುದೇ ಮುರಿಯಲಿ ಎಂದು, ವೈರಿಂಗಿನಲ್ಲಿ ಫ್ಯೂಸ್ ಇದ್ದ ಹಾಗೆ. ಅಗೆಯುವ ಯಂತ್ರದ ಬಕೆಟ್ ಹಲ್ಲೋ ಡ್ರಿಲ್ ಬಿಟ್ಟೋ ಬಾಯಿಗೆ ಬಿದ್ದಾಗ ಅದು ಮುರಿಯದಿದ್ದರೆ ದವಡೆಯನ್ನು ಆಡಿಸುವ ಎಕ್ಸೆಂಟ್ರಿಕ್ ಶಾಫ್ಟ್, ಬೇರಿಂಗ್, ಅಲುಗುವ ದವಡೆಯಾದ ಪಿಟ್‌ಮನ್‌ಗೇ ಪೆಟ್ಟು. ಕಬ್ಬಿಣ ಬೀಳದೆಯೂ ಮುರಿಯುತ್ತಿದ್ದರೆ ಕಿಂಡಿ ತೀರಾ ಚಿಕ್ಕದಾಗಿದೆಯೇ, ಒದ್ದೆ ಮಣ್ಣು ಕೆಳಗೆ ಕಟ್ಟಿಕೊಂಡಿದೆಯೇ, ಟಾಗಲ್ ಸೀಟ್ ಒಂದು ಪಕ್ಕ ಸವೆದಿದೆಯೇ ನೋಡಿ. ಟಾಗಲ್ ಬಳಿ ಟಕ್ ಟಕ್ ಸದ್ದು ಬಂದರೆ ಮೊದಲು ಟಾಗಲ್ ಜಾರದಂತೆ ದವಡೆಯನ್ನು ಎಳೆದು ಹಿಡಿಯುವ ಟೆನ್ಷನ್ ರಾಡಿನ ಸ್ಪ್ರಿಂಗ್ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ದಿನಾ ಗ್ರೀಸ್ ಹೊಡೆದರೂ ಬೇರಿಂಗ್ ಬಿಸಿಯಾಗುತ್ತದೆ. (ಓದುಗರು, ರಾಯಚೂರು)

ಉತ್ತರ: ಹೊಡೆಯುವುದು ಹೆಚ್ಚಾಗಿಯೇ ಬಿಸಿಯಾಗುತ್ತಿರಬಹುದು. ತುಂಬಿ ತುಳುಕುವ ಗ್ರೀಸನ್ನು ರೋಲರುಗಳು ಕಡೆಯುತ್ತಲೇ ಇರುತ್ತವೆ, ಆ ಶಾಖ ಹೋಗಲು ಜಾಗವಿಲ್ಲ. ಗ್ರೀಸ್ ಗನ್ನಿನಿಂದ ಹತ್ತು ಸಲ ಒತ್ತಿ ಬಂದದ್ದನ್ನು ತಕ್ಕಡಿಯಲ್ಲಿ ತೂಗಿ. ಒಂದು ಒತ್ತಿಗೆ ಎಷ್ಟು ಗ್ರಾಂ ಎಂದು ಗೊತ್ತಾದರೆ ಮ್ಯಾನ್ಯುಯಲ್ ಹೇಳಿದಷ್ಟೇ ಕೊಡಬಹುದು. ಕೈಯಿಟ್ಟು ಅಂದಾಜು ಮಾಡುವ ಬದಲು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನಾಲ್ಕೂ ಬೇರಿಂಗ್ ಅಳೆದು ದಿನವೂ ಬರೆದಿಡಿ. ಒಂದು ಮಾತ್ರ ಉಳಿದ ಮೂರಕ್ಕಿಂತ 15 ಡಿಗ್ರಿ ಹೆಚ್ಚಿದ್ದರೆ ದೋಷ ಆ ಒಂದರಲ್ಲೇ ಇದೆ. ಯಾವುದಾದರೂ 90 ದಾಟಿದರೆ ಕಲ್ಲು ನಿಲ್ಲಿಸಿ, ಬಾಯಿ ಖಾಲಿ ಮಾಡಿ, ಯಂತ್ರ ನಿಲ್ಲಿಸಿ.