ಹೀರೇಕಾಯಿ ಮಿಡಿ ಹಳದಿಯಾಗಿ ಉದುರುತ್ತಿದ್ದರೆ

ನಮಸ್ಕಾರ. ತಾರಸಿಯ ಕುಂಡದಲ್ಲಿ ಹೀರೇಬಳ್ಳಿ ಚೆನ್ನಾಗಿ ಹಬ್ಬಿದೆ, ಆದರೆ ಬೆರಳುದ್ದದ ಮಿಡಿ ಹಳದಿಯಾಗಿ ಉದುರುತ್ತಿದೆ, ದಿನಾ ಸಂಜೆ ಬೇವಿನೆಣ್ಣೆ ಹೊಡೆದರೂ ನಿಂತಿಲ್ಲ ಅಂದಿದ್ದೀರಿ. ಮೊದಲು ಉದುರಿದ ಒಂದು ಮಿಡಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿ ಹುಳು ಇದ್ದರೆ, ಅಥವಾ ಸಿಪ್ಪೆ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದು ಅಂಟು ಒಸರಿದ್ದರೆ ಅದು ಹಣ್ಣುನೊಣದ ಕೆಲಸ. ಏನೂ ಇಲ್ಲದೆ ಸುಮ್ನೆ ಸುರುಟಿಕೊಂಡಿದ್ದರೆ ಬಹುಶಃ ಪರಾಗಸ್ಪರ್ಶ ಆಗಿಲ್ಲ. ತಾರಸಿಗೆ ಜೇನು ಬರುವುದು ಕಡಿಮೆ ಅಲ್ವಾ, ನಿಮ್ಮದೂ ಇದೇ ಇರಬೇಕು ಅಂತ ನನಗನಿಸುತ್ತೆ.

ಹಾಗಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ನಾವೇ ಕೈಯಾರೆ ಮಾಡಬೇಕು. ಹೀರೆ ಹೂ ಅರಳುವುದೇ ಸಂಜೆ, ಅದಕ್ಕೇ ಆ ಹೊತ್ತಲ್ಲಿ ಎಣ್ಣೆ ಹೊಡೆಯಬೇಡಿ. ಹೆಣ್ಣು ಹೂವಿನ ಹಿಂದೆ ಏಣುಗಳಿರುವ ಪುಟ್ಟ ಮಿಡಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ಅದರ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಕಾಯಿ ಕಚ್ಚಿದರೆ ಕೆಲವೇ ದಿನದಲ್ಲಿ ಮಿಡಿ ದಪ್ಪಗಾಗಿ ಕೆಳಗೆ ಬಾಗುತ್ತದೆ, ಅದನ್ನು ನೋಡುವುದೇ ಒಂದು ಖುಷಿ.

ಹುಳು ಸಿಕ್ಕಿದರೆ ಮಾತ್ರ ಉದುರಿದ್ದನ್ನು ಗೊಬ್ಬರದ ಡಬ್ಬಕ್ಕೆ ಹಾಕಲೇಬೇಡಿ. ಅದು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಕಾಯಿ ಕಚ್ಚಿದ ಮೇಲೆ ಹಳೇ ಸೊಳ್ಳೆಪರದೆಯಲ್ಲಿ ಚೀಲ ಹೊಲಿದು ತೊಡಿಸಿ. ಸೀಳಿದ ಮಿಡಿಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.